ನಂಜಮ್ಮಣ್ಣಿ ಮೇಡಂ ಅವರ ಅನುಮಾನ

ನಂಜಮ್ಮಣ್ಣಿ ಮೇಡಂ ಯಾವ ಕುರ್ಚಿಯನ್ನೂ ಒಮ್ಮೆ ಅಲ್ಲಾಡಿಸಿ ನೋಡದೆ ಕೂತವರಲ್ಲ. ದಿನವೂ ತಾವೇ ಕೂರುವ ಕುರ್ಚಿಯಾದರೂ ಅಷ್ಟೆ. ನಾವು ತಂದುಕೊಟ್ಟ ಟೀಯನ್ನು ಮೂಸಿ, ಹಾಲು ಯಾವಾಗಿನದೆಂದು ವಿಚಾರಿಸಿ, ಆಮೇಲೆ ತುಟಿಗಿಡುತ್ತಿದ್ದರು. ಯಾರಾದರೂ ಹೊಗಳಿದರೆ ಕನ್ನಡಕದ ಮೇಲಿಂದ ನೋಡಿ, "ಏನಾಗ್ಬೇಕಿತ್ತು?" ಎನ್ನುತ್ತಿದ್ದರು.

ಯಳಂದೂರಿನವರು. ಹೊರ ಊರುಗಳ ದೊಡ್ಡ ಕಾರ್ಖಾನೆಗಳಲ್ಲಿ ಎಂಜಿನಿಯರಾಗಿದ್ದು, ನಿವೃತ್ತಿಯಾದ ಮೇಲೆ ಕೊಳ್ಳೇಗಾಲದ ನಮ್ಮ ವರ್ಕ್‌ಶಾಪಿಗೆ ಬಂದಿದ್ದರು. ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್‌ಗಳನ್ನು ಅಲ್ಲಿ ಜೋಡಿಸುತ್ತಿದ್ದೆವು. ಡಿಪ್ಲೊಮಾ ಮುಗಿಸಿದ್ದ ನನಗೆ ಅದು ಮೊದಲ ಕೆಲಸ. ಹನೂರಿನ ಕಡೆ ಗುಡ್ಡದ ಮರೆಯಲ್ಲಿ ಉಪಗ್ರಹದ ಸಿಗ್ನಲ್ ತಪ್ಪಿದರೆ, ಎತ್ತ ವಾಲಿದೆ, ಎತ್ತ ತಿರುಗಿದೆ ಎಂದು ಡ್ರೋನಿಗೆ ತಿಳಿಸುವುದು ಅದರೊಳಗಿನ ಚಲನೆಯ ಸೆನ್ಸರ್‌ಗಳು. ಒಂದು ಕೆಟ್ಟರೂ ದಾರಿ ತಪ್ಪದಿರಲೆಂದು ಮೇಡಂ ಮೂರು ಹಾಕಿಸಿದ್ದರು. ಪ್ರೋಗ್ರಾಮು ಮೂರರ ಮಾತನ್ನೂ ಕೂಡಿಸಿಕೊಂಡು ನಡೆಯುತ್ತಿತ್ತು; ಒಂದು ಮಾತ್ರ ಬೇರೆ ಹೇಳಿದರೆ ಅದನ್ನು ಬಿಟ್ಟು ಉಳಿದೆರಡನ್ನು ನಂಬುತ್ತಿತ್ತು.

ಒಂದು ಮಧ್ಯಾಹ್ನ ಆ ಗುಡ್ಡದ ಕಡೆಯ ಬಂಡಳ್ಳಿಯ ಜೋಳದ ಹೊಲದ ಮೇಲೆ ಡ್ರೋನ್ ಇದ್ದಕ್ಕಿದ್ದಂತೆ ಪಕ್ಕಕ್ಕೆ ಎಳೆದುಕೊಂಡು ಹೋಗಿ ಬಿತ್ತು. ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಸ್ವಲ್ಪದರಲ್ಲಿ ಉಳಿದಳು. ಡ್ರೋನ್ ಹಾರಿಸುತ್ತಿದ್ದ ಮಾದೇಶ ಮತ್ತು ಜೊತೆಗಿದ್ದ ಬಸವ ಇಬ್ಬರೂ ನನ್ನ ಕಡೆ ಬೆರಳು ತೋರಿಸಿದರು. ಮೂರನೆಯ ಸೆನ್ಸರನ್ನು ನಾನು ಸಡಿಲವಾಗಿ ಕೂರಿಸಿದ್ದೆನಂತೆ. ಡ್ರೋನಿನಲ್ಲಿ ದಾಖಲಾಗಿದ್ದ ವಿವರವೂ ಹಾಗೇ ಇತ್ತು. ಬೀಳುವ ಮುಂಚೆ ಪ್ರೋಗ್ರಾಮು ಕೈಬಿಟ್ಟಿದ್ದು ಮೂರನೆಯದನ್ನೇ. ನಾಳೆಯಿಂದ ಬರಬೇಡ ಎಂದು ಮಾಲೀಕರು ಹೇಳಿಯೇ ಬಿಟ್ಟರು.

ಮೇಡಂ ಇಬ್ಬರನ್ನೂ ಬೇರೆಬೇರೆಯಾಗಿ ಕರೆದು ಕೇಳಿದರು. ಇಬ್ಬರ ಬಾಯಲ್ಲೂ ಅಕ್ಷರ ವ್ಯತ್ಯಾಸವಿಲ್ಲದೆ ಅದೇ ಮಾತು. ಮೇಡಂ ಹುಬ್ಬು ಗಂಟಿಕ್ಕಿದರು. "ಜೀಪಲ್ಲಿ ಜೊತೇಲೇ ಬಂದ್ರಾ?" ಎಂದು ಕೇಳಿದರು. ಆಮೇಲೆ ನನ್ನ ಸರದಿ. ಗಟ್ಟಿಯಾಗಿಯೇ ಕೂರಿಸಿದ್ದೆ ಎಂದೆ. ಅವರು ನನ್ನನ್ನೂ ಅದೇ ಕಣ್ಣಿನಿಂದ ನೋಡಿದರು.

"ಅವ್ರು ಅವ್ರ ಪರ ಏಳ್ತಾರೆ, ನೀನು ನಿನ್ ಪರ ಏಳ್ತೀಯ. ಓಗು, ಆ ಬೋರ್ಡ ತಕಂಡು ಬಾ."

ಬಿದ್ದ ಡ್ರೋನಿನಿಂದ ಬಿಚ್ಚಿದ, ಮೂರೂ ಸೆನ್ಸರ್‌ಗಳಿದ್ದ ಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ, ಹಾರುವಾಗಿನಷ್ಟು ಕಾಯಲೆಂದು ಅಂಗಳದ ಬಿಸಿಲಿನಲ್ಲಿ ತಗಡಿನ ಮೇಲಿಟ್ಟು, ಯಾರೂ ಮುಟ್ಟಕೂಡದೆಂದರು. ಸೆರಗು ತಲೆಗೆ ಹಾಕಿಕೊಂಡು ತಾವೇ ಕಾವಲು ಕೂತರು. ಮಾಲೀಕರೂ ಬಂದು ನಿಂತರು. ತಗಡು ಕಾಯುತ್ತ ಬಂದಂತೆ, ಕದಲದೆ ಬಿದ್ದಿದ್ದ ಬೋರ್ಡು ಎಡಕ್ಕೆ ವಾಲುತ್ತಿದೆ ಎಂದು ಎರಡು ಸೆನ್ಸರ್‌ಗಳು ಹೇಳತೊಡಗಿದವು. ಎರಡೂ ಒಟ್ಟಿಗೆ, ಒಂದೇ ಕಡೆಗೆ. ನಾನು ಕೂರಿಸಿದ್ದ ಮೂರನೆಯದು ಮಾತ್ರ ಕದಲಿಲ್ಲ. ಬೀಳುವ ಮುಂಚೆಯೂ ಪ್ರೋಗ್ರಾಮು ಆ ಎರಡನ್ನು ನಂಬಿ, ಸರಿಯಿದ್ದ ಇದನ್ನೇ ಬಿಟ್ಟಿತ್ತು.

ಆ ಎರಡೂ ಒಂದೇ ಕಂಪನಿಯವು, ಒಂದೇ ಡಬ್ಬಿಯಲ್ಲಿ ಬಂದವು. ಡ್ರೋನಿನಲ್ಲಿ ಕಾಯುವ ಬ್ಯಾಟರಿಯ ಪಕ್ಕದಲ್ಲೇ ಅಂಟಿಕೊಂಡಿದ್ದವು. ಅವನ್ನು ತರಿಸಿದ್ದೂ, ಜಾಗ ಗುರುತು ಮಾಡಿಕೊಟ್ಟಿದ್ದೂ ಮೇಡಂ ಅವರೇ.

ಸೆರಗು ತೆಗೆದು ಮುಖ ಒರೆಸಿಕೊಂಡರು. "ತಪ್ಪು ನಂದು ಕಣ್ರಿ," ಎಂದರು ಮಾಲೀಕರಿಗೆ. "ಇಬ್ರು ಸಾಕ್ಷಿ ಅವ್ರೆ ಅಂತ ಅನ್ಕಂಡಿದ್ದೆ. ಒಬ್ನೇ ಎಲ್ಡು ಸಲ ಏಳಿದ್ದು ಅದು."

ನನ್ನ ಕೆಲಸ ಉಳಿಯಿತು. ಬೇರೆಬೇರೆ ಕಂಪನಿಯ ಸೆನ್ಸರ್‌ಗಳನ್ನು ದೂರದೂರ ಕೂರಿಸುವ ತನಕ ಒಂದು ಡ್ರೋನನ್ನೂ ಹೊರಗೆ ಕಳಿಸುವುದಿಲ್ಲವೆಂದು ಮೇಡಂ ಹಟ ಹಿಡಿದರು. ಹಂಗಾಮು ಕೈತಪ್ಪುತ್ತದೆಂದು ಮಾಲೀಕರು ರೇಗಿದರು. ಕೊನೆಗೆ ಮೇಡಂ ಹೇಳಿದ ಹಾಗೇ ಬದಲಾಯಿಸಿದೆವು. ಆದರೆ ಅಲ್ಲಿಂದ ಅವರಿಗೂ ಮಾಲೀಕರಿಗೂ ಸರಿಬರಲಿಲ್ಲ. ಕೊನೆಯ ಡ್ರೋನಿನ ಪರೀಕ್ಷೆ ಮುಗಿದ ದಿನ ಮೇಡಂ ಕೆಲಸ ಬಿಟ್ಟರು.

ಬಸ್ ಸ್ಟ್ಯಾಂಡಿನವರೆಗೆ ನಾನೇ ಅವರ ಚೀಲ ಹಿಡಿದು ಹೋದೆ. ಅಷ್ಟು ದಿನ ಬಾಯಿಗೆ ಬಾರದ ಮಾತನ್ನು ಅಲ್ಲಿ ಹೇಳಿದೆ. ಅವತ್ತು ನನ್ನನ್ನು ನಂಬಿದವರು ನೀವೊಬ್ಬರೇ ಮೇಡಂ, ಎಂದೆ.

"ನಂಬಿರ್ನಿಲ್ಲ ಕಣವ್ವ," ಎಂದರು. "ನೀನೇ ಸುಳ್ಳು ಏಳ್ತಿದ್ದೀಯ ಅಂತ್ಲೇ ಬೋರ್ಡ ಬಿಸ್ಲಿಗಿಟ್ಟೆ."

ಯಳಂದೂರಿನ ಬಸ್ಸು ಬಂತು. ಅವರು ಚೀಲ ಇಸಿದುಕೊಂಡು ಹತ್ತಿದರು. ಮತ್ತೆ ನಾನು ಅವರನ್ನು ನೋಡಲಿಲ್ಲ. ನನ್ನನ್ನು ನಂಬುತ್ತೇನೆಂದು ಆಮೇಲೆ ಎಷ್ಟೋ ಜನ ಹೇಳಿದ್ದಾರೆ. ನನಗಾಗಿ ಬಿಸಿಲಲ್ಲಿ ಕೂತವರು ಇನ್ನೊಬ್ಬರಿಲ್ಲ.