ಟೊಮೆಟೊ ಕ್ರೇಟಿನ ಮೇಲೆ ನಿಂತ ಕಾರು

ನಮ್ಮ ಭಾವನಿಗೆ ಕಾರಿನ ಎಂಜಿನ್ ಆಯಿಲ್ ಬದಲಾಯಿಸುವ ವಿದ್ಯೆ ಒಂದೇ ಶನಿವಾರ ಸಂಜೆಯಲ್ಲಿ ಸಿದ್ಧಿಸಿತು. ಗುರು ಮೊಬೈಲ್ ಫೋನು. ಹನ್ನೊಂದು ನಿಮಿಷದ ವಿಡಿಯೋ. ಅದರಲ್ಲಿ ಮೊದಲ ನಾಲ್ಕು ನಿಮಿಷ, ಅಂದರೆ ಏನೇನು ಮಾಡಬಾರದು ಎಂದು ಹೇಳುವ ಭಾಗವನ್ನು, ಅವರು ಬೆರಳಿನಿಂದ ಓಡಿಸಿಬಿಟ್ಟರು. "ಇದೆಲ್ಲ ಕೈಲಾಗದೋರಿಗೆ" ಎಂದರು.

ಭಾವನಿಗೆ ಚಿಂತಾಮಣಿಯಲ್ಲಿ ಬೆಳೆಗಳ ಔಷಧಿ ಅಂಗಡಿ. ಎಲೆಯ ಮೇಲಿನ ಚುಕ್ಕೆ ನೋಡಿ ರೋಗ ಹೇಳುವವರಿಗೆ ಕಾರೊಂದು ಯಾವ ಲೆಕ್ಕ? ಮಂಗಳವಾರ ಗೌರಿಬಿದನೂರಿನಲ್ಲಿ ಅವರ ತಂಗಿಯ ಮನೆಯ ನಾಮಕರಣಕ್ಕೆ ಹೋಗಬೇಕಿತ್ತು. ಅಷ್ಟರೊಳಗೆ ಆಯಿಲ್ ಬದಲಾಯಿಸಿಕೊಡು ಎಂದರೆ ಮೆಕ್ಯಾನಿಕ್ಕು "ಬುಧವಾರ ಬನ್ನಿ ಸಾರ್" ಎಂದನಂತೆ. ಊರಿನಲ್ಲಿ ಇಷ್ಟು ಹೆಸರಿರುವವರಿಗೆ ಬುಧವಾರ ಬಾ ಎನ್ನುವುದೇ? ಆ ಅವಮಾನಕ್ಕೆ ಉತ್ತರವಾಗಿ ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಕಾರು ಎತ್ತುವ ಕಾರ್ಯಕ್ರಮ ಏರ್ಪಾಡಾಯಿತು. ಚಿಕ್ಕಬಳ್ಳಾಪುರದಿಂದ ಅಕ್ಕನನ್ನು ನೋಡಲು ಹೋಗಿದ್ದ ನಾನು ಪ್ರೇಕ್ಷಕಿ. ಬಿ.ಎಸ್ಸಿ. ಓದಿದವಳು, ಅದೂ ಭೌತಶಾಸ್ತ್ರ. ಇದನ್ನು ಮುಂದೆ ನನ್ನನ್ನು ನಾನೇ ಬೈದುಕೊಳ್ಳಲು ಅನುಕೂಲವಾಗಲೆಂದು ಈಗಲೇ ಹೇಳಿಡುತ್ತೇನೆ.

ಆರಂಭ ಚೆನ್ನಾಗಿಯೇ ಇತ್ತು, ಅದನ್ನು ಒಪ್ಪಿಕೊಳ್ಳಬೇಕು. ಐದು ನಿಮಿಷ ಎಂಜಿನ್ ಓಡಿಸಿದರು. ಬಿಸಿಯಾದ ಆಯಿಲ್ ತೆಳ್ಳಗಾಗಿ ಸರಾಗ ಇಳಿಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದರು, ಗೇರಿನಲ್ಲಿ ನಿಲ್ಲಿಸಿದರು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ಆಮೇಲೆ ಡಿಕ್ಕಿಯಲ್ಲಿದ್ದ ಜಾಕಿ ಇಟ್ಟು ಮುಂದಿನ ಎಡಗಡೆ ಎತ್ತಿದರು. ಆ ಜಾಕಿಯನ್ನು ಮಾಡಿರುವುದು ಪಂಚರ್ ಆದ ಚಕ್ರ ಬದಲಾಯಿಸಲು. ಅದನ್ನು ನಂಬಿ ಕಾರಿನ ಕೆಳಗೆ ಮಲಗಬಾರದು ಎನ್ನುವ ಮಾತು ಆ ಓಡಿಸಿದ ನಾಲ್ಕು ನಿಮಿಷದಲ್ಲಿತ್ತು ಎಂದು ಆಮೇಲೆ ನೋಡಿ ತಿಳಿದುಕೊಂಡೆ.

"ಹೆಂಗೂ ಎತ್ತಿದೀವಲ್ಲ, ಬ್ರೇಕ್ ಪ್ಯಾಡೂ ಒಂದ್ಸಲ ನೋಡ್ಬಿಡಾಣ" ಎಂದು ಎಡಗಡೆಯ ಚಕ್ರ ಬಿಚ್ಚಿದರು. ಅದನ್ನು ನನ್ನ ಕಡೆ ಉರುಳಿಸಿ, "ಕೂತ್ಕೊಳಮ್ಮಾ, ನಿಂಗೆ ಸೋಫಾ" ಎಂದರು. ನಾನು ಕಾಫಿ ಲೋಟ ಹಿಡಿದು ಅದರ ಮೇಲೆ ಕೂತೆ.

ಈಗ ಬಲಗಡೆಯೂ ಎತ್ತಬೇಕು. ಇರುವುದು ಒಂದೇ ಜಾಕಿ. ಹಾಗಾದರೆ ಎಡಗಡೆಯನ್ನು ಯಾವುದರ ಮೇಲೆ ನಿಲ್ಲಿಸುವುದು? ಚಿಂತಾಮಣಿಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿಲ್ಲ. ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟು ಇಲ್ಲದ ಮನೆ ನಮ್ಮ ಕಡೆ ಇಲ್ಲ. ಅದರ ಮೇಲೆ ಹತ್ತಿ ಬಲ್ಬು ಹಾಕುತ್ತೇವೆ, ಅದರಲ್ಲಿ ಕೋಳಿ ಮುಚ್ಚುತ್ತೇವೆ, ಮದುವೆ ಮನೆಯಲ್ಲಿ ಅದರ ಮೇಲೆ ಹಲಗೆ ಹಾಸಿ ಊಟ ಬಡಿಸುತ್ತೇವೆ. ಇನ್ನು ಕಾರಿಗೇನು ಪ್ರತ್ಯೇಕ ಮರ್ಯಾದೆ?

"ಭಾವ, ತಡೆಯುತ್ತಾ ಅದು?" ಎಂದೆ.

"ಟೊಮೆಟೊ ಮಂಡೀಲಿ ನೋಡಿಲ್ವಾ? ಒಂದರ ಮೇಲೊಂದು ಹತ್ತು ಪೇರಿಸ್ತಾರೆ. ಕೆಳಗಿಂದು ಒಡೆದಿದ್ದು ಕಂಡಿದೀಯಾ? ಏಮೀ ಕಾದು, ಆ ಎರಡು ಇತ್ಲಾಗ್ ಕೊಡು."

ಏನೂ ಆಗಲ್ಲ ಎನ್ನುವುದನ್ನು ಭಾವ ತೆಲುಗಿನಲ್ಲಿ ಹೇಳಿದರೆ ಚರ್ಚೆ ಮುಗಿಯಿತು ಎಂದರ್ಥ. ಹತ್ತು ಕ್ರೇಟಿನ ಭಾರ ಕೆಳಗಿನ ಕ್ರೇಟಿನ ನಾಲ್ಕು ಅಂಚಿಗೂ ಸಮನಾಗಿ ಹಂಚಿಹೋಗುತ್ತದೆ, ಕಾರಿನ ಭಾರ ಬೆರಳಗಲದ ಒಂದು ಅಂಚಿನಿಂದ ತೆಳು ತಳದ ನಡುವೆ ಇಳಿಯುತ್ತದೆ. ಇದನ್ನು ನಾನು ಪರೀಕ್ಷೆಯಲ್ಲಿ ಚಿತ್ರ ಬರೆದು ವಿವರಿಸಿ ಅಂಕ ತೆಗೆದುಕೊಂಡವಳು. ಎದ್ದು ಹೋಗಿ, ಎರಡು ಕ್ರೇಟು ತಂದು, ಪಕ್ಕಪಕ್ಕ ನೀಟಾಗಿ ಬೋರಲು ಹಾಕಿಕೊಟ್ಟೆ.

ಕಾರಿನ ಎಡಗಡೆ ಕ್ರೇಟುಗಳ ಮೇಲೆ ಕೂತಿತು. ಜಾಕಿ ಬಲಗಡೆಗೆ ಹೋಯಿತು. ಅಲ್ಲಿ ಎತ್ತಿದಷ್ಟೂ ಭಾರ ಎಡಗಡೆಗೆ ವಾಲುತ್ತಿತ್ತು. ಭಾವ ಗೋಣಿಚೀಲ ಹಾಸಿಕೊಂಡು, ಸ್ಪ್ಯಾನರ್ ಹಿಡಿದು, ಎದೆಯವರೆಗೆ ಕಾರಿನ ಕೆಳಗೆ ಸರಿದರು. ಹಳೆಯ ಆಯಿಲ್ ಇಳಿಸುವ ಬೋಲ್ಟು ಜಗ್ಗಲಿಲ್ಲ. ಅವರು ದಮ್ಮು ಕಟ್ಟಿ ಎಳೆದಾಗಲೆಲ್ಲ ಕಾರು ಸಣ್ಣಗೆ ಅಲುಗುತ್ತಿತ್ತು. ಕ್ರೇಟಿನಿಂದ ಕಿರ್ ಎನ್ನುವ ಸದ್ದು. ನನಗೆ ಅದು ಕೇಳಿಸಿತು. ಕೇಳಿಸಿದ ಮೇಲೂ ಚಕ್ರದ ಮೇಲೆ ಕೂತೇ ಕಾಫಿಯ ಒಂದು ಗುಟುಕು ಕುಡಿದೆ.

ಆಗ ಪಕ್ಕದ ಮನೆಯ ಸಾಹೇಬರು ಗೇಟು ತೆಗೆದು ಬಂದರು. ಮೂವತ್ತು ವರ್ಷ ಲಾರಿ ಓಡಿಸಿ ಈಗ ಮನೆಯಲ್ಲಿರುವವರು, ನಮಗೆಲ್ಲ ಭಾಯ್. ಕ್ರೇಟು ನೋಡಿದರು, ಕಾರಿನ ಕೆಳಗಿನಿಂದ ಹೊರಗೆ ಚಾಚಿದ್ದ ಭಾವನ ಕಾಲು ನೋಡಿದರು. ಮುಖ ಬಿಳಿಚಿಕೊಂಡಿತು. ಆದರೆ ಪಕ್ಕದಲ್ಲಿದ್ದ ಹೊಸ ಆಯಿಲ್ ಡಬ್ಬಿ ಕೈಗೆತ್ತಿಕೊಂಡು ಅವರು ಹೇಳಿದ್ದು ಬೇರೆಯೇ.

"ಅರೆ, ಯಾರ್ರೀ ಈ ಆಯಿಲ್ ಕೊಟ್ಟಿದ್ದು ನಿಮಗೆ? ಇದು ಟ್ರ್ಯಾಕ್ಟರಿಂದಲ್ವಾ?"

"ಏನಂದ್ರಿ?" ಕಾರಿನ ಕೆಳಗಿನಿಂದ ದನಿ ಬಂತು.

"ಟ್ರ್ಯಾಕ್ಟರ್ ಆಯಿಲ್ ಅಂದೆ. ಪಾಪ, ಯಾಮಾರಿಸಿದಾರೆ ಬಿಡಿ."

ಯಾಮಾರಿಸಿದ್ದಾರೆ ಎನ್ನುವ ಮಾತನ್ನು ಭಾವ ಮಲಗಿಕೊಂಡು ಕೇಳುವವರಲ್ಲ. ಬೆನ್ನ ಮೇಲೆಯೇ ತೆವಳಿ ಹೊರಗೆ ಬಂದರು, ಡಬ್ಬಿ ಕಸಿದುಕೊಂಡರು. "ಓದ್ರಿ ಇಲ್ಲಿ! ಕಾರಿನ ಚಿತ್ರ ಕಣ್ಣಿಗೆ ಕಾಣಲ್ವಾ?"

"ಕನ್ನಡಕ ತಂದಿಲ್ಲ. ಈ ಬೆಳಕಿಗೆ ಬನ್ನಿ, ತೋರಿಸಿ" ಎಂದು ಭಾಯ್ ಅವರ ತೋಳು ಹಿಡಿದು ಎರಡು ಹೆಜ್ಜೆ ಎಳೆದರು.

ಮೂರನೆಯ ಹೆಜ್ಜೆಗೆ ಕ್ರೇಟಿನ ತಳ ಬಿರಿಯಿತು. ತೆಂಗಿನಕಾಯಿ ಒಡೆದಂಥ ಸದ್ದು. ಕಾರು ಎಡಕ್ಕೆ ಕುಸಿಯಿತು, ಆ ಕಡೆ ಜಾಕಿ ಮಗುಚಿತು, ಚಕ್ರವಿಲ್ಲದ ಕಡೆಯ ಬ್ರೇಕ್ ಡಿಸ್ಕು ಮಣ್ಣಿಗೆ ಕಚ್ಚಿಕೊಂಡಿತು. ಗೋಣಿಚೀಲದ ಅರ್ಧ ಕೆಳಗೆ ಸಿಕ್ಕಿಕೊಂಡಿತ್ತು. ಆಮೇಲೆ ನಾನು ಬಗ್ಗಿ ಆ ಸಂದಿಗೆ ಕೈ ಹಾಕಿ ನೋಡಿದೆ. ಅಂಗೈ ಹೋಯಿತು. ಮುಷ್ಟಿ ಕಟ್ಟಿದರೆ ಹೋಗಲಿಲ್ಲ.

ಅಕ್ಕ ಒಳಗಿನಿಂದ ಓಡಿಬಂದು, "ರೀ, ಏನ್ರೀ ಅದು?" ಎಂದಳು. ಭಾವ ಡಬ್ಬಿ ಹಿಡಿದು ನಿಂತೇ ಇದ್ದರು. ಮೊದಲು ಚೇತರಿಸಿಕೊಂಡಿದ್ದು ಅವರ ಬಾಯಿ.

"ನೋಡಿದ್ರಾ ಭಾಯ್? ನೀವು ಮಾತಿಗೆ ಎಳೀದೆ ಇದ್ದಿದ್ರೆ ಈ ಹೊತ್ತಿಗೆ ಕೆಲಸ ಮುಗಿದಿರೋದು."

"ಹೌದು ಸ್ವಾಮಿ, ಮುಗಿದಿರೋದು" ಎಂದು ಭಾಯ್ ಮೆಟ್ಟಿಲ ಮೇಲೆ ಕೂತರು. ನನ್ನನ್ನು ನೋಡಿ ಮೆಲ್ಲಗೆ ಹೇಳಿದರು: "ಹೊರಗೆ ಬನ್ನಿ ಅಂದಿದ್ರೆ ಇನ್ನೂ ಒಳಕ್ಕೆ ಹೋಗಿರೋರು. ಅದಕ್ಕೆ ಆಯಿಲ್‌ಗೆ ಬೈದೆ. ನೀನು ಓದಿರೋಳು, ಹೇಳಬಾರದಿತ್ತಾಮ್ಮ?"

"ಕೇಳ್ದೆ ಭಾಯ್."

"ಎಷ್ಟು ಸಲ?"

"ಒಂದ್ಸಲ."

ಅವರು ಬಯ್ಯಲಿಲ್ಲ. ನಾನು ಕೂತಿದ್ದ ಚಕ್ರದ ಕಡೆ ಕೈ ತೋರಿಸಿದರು. "ಬಿಚ್ಚಿದ ಚಕ್ರಾನ ಮಲಗಿಸಿ ಕಾರಿನ ಕೆಳಗೆ ತಳ್ಳಿಡಬೇಕು. ಏನೇ ಬಿದ್ದರೂ ಅದರ ಮೇಲೆ ಬೀಳುತ್ತೆ, ಮನುಷ್ಯನಿಗೆ ಜಾಗ ಉಳಿಯುತ್ತೆ. ಲಾರಿಯೋರು ಇದನ್ನೇ ಮೊದಲು ಕಲಿಯೋದು." ಅಂದರೆ ಭಾವನ ಜೀವಕ್ಕೆ ಆಧಾರವಾಗಬೇಕಿದ್ದ ವಸ್ತು ಅಷ್ಟು ಹೊತ್ತೂ ನನ್ನ ಕೆಳಗಿತ್ತು.

ಮಧ್ಯಾಹ್ನ ಭಾಯ್ ದೊಡ್ಡ ಜಾಕಿ, ಮರದ ದಿಮ್ಮಿ ತರಿಸಿ ಕಾರನ್ನು ಎತ್ತಿ ಚಕ್ರ ಹಾಕಿಸಿದರು. ಅವರು ಕೈ ತೊಳೆಯಲು ಹೋದರೋ ಇಲ್ಲವೋ, ಭಾವ ಡಿಕ್ಕಿಯ ಜಾಕಿಯನ್ನು ಮತ್ತೆ ಕಾರಿನ ಕೆಳಗಿಟ್ಟು ಮಂಡಿಯೂರಿದರು. "ಆಯಿಲ್ ಒಂದೇ ಬಾಕಿ. ಹತ್ತು ನಿಮಿಷ. ಏಮೀ ಕಾ..."

"ಏಳಿ ಭಾವಾ ಮೇಲೆ!"

ಅಷ್ಟು ದೊಡ್ಡ ದನಿ ನನ್ನದೇ ಎಂದು ನನಗೂ ನಂಬಿಕೆಯಾಗಲಿಲ್ಲ. ಎದುರು ಮನೆಯವರು ಹೊರಗೆ ಬಂದರು. ಭಾವನ ಮುಂದೆ ನಾನು ಅದುವರೆಗೆ ದನಿ ಎತ್ತಿದವಳಲ್ಲ. "ಏಳಿ ಅಂದ್ನಲ್ಲ! ಬುಧವಾರ ಅಂದ್ರೆ ಬುಧವಾರ! ನಾಮಕರಣಕ್ಕೆ ಬಸ್ಸಿಲ್ವಾ?" ಎಂದು ಜಾಕಿ ಕಿತ್ತುಕೊಂಡೆ. ಕೈಯೆಲ್ಲ ಗ್ರೀಸು. ಅವರು ಎದ್ದರು. ಪ್ಯಾಂಟಿನ ಮಣ್ಣು ಕೊಡವಿಕೊಂಡು, ನನ್ನ ಮುಖ ನೋಡದೆ ಒಳಗೆ ಹೋದರು.

ಅಂದಿನಿಂದ ಭಾವ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ನಾಲ್ಕು ಜನರ ಎದುರು ಮರ್ಯಾದೆ ತೆಗೆದೆನಂತೆ. ನಿಜವೇ, ತೆಗೆದೆ. ಅಕ್ಕನಿಗೆ ಫೋನ್ ಮಾಡಿದಾಗಲೆಲ್ಲ ಹಿಂದಿನಿಂದ "ಯಾರದು?" ಎನ್ನುತ್ತಾರೆ. "ನನ್ನ ತಂಗಿ ರೀ" ಎನ್ನುತ್ತಾಳೆ ಅಕ್ಕ. ಆಮೇಲೆ ಸಿಟ್ಟಿನ ಒಂದು "ಹೂಂ." ಅದು ಕೇಳಿಸುವವರೆಗೆ ನಾನು ಫೋನ್ ಇಡುವುದಿಲ್ಲ.