ಅಡ್ಡಿಲ್ಲ ಅಂದರೆ ಯಾವ ಖಾನೆ?

ನನ್ನ ಮೊಮ್ಮಗಳ ಕೆಲಸ ಕಾಯಂ ಆಯಿತು! ಇವತ್ತು ಮಧ್ಯಾಹ್ನ ಫೋನ್ ಬಂತು. ಅವಳು ಅಂಗಳದಲ್ಲಿ ಕುಣಿದಳು, ನಾನು ಮಂಡಿನೋವು ಮರೆತು ಕುಣಿದೆ. ಪಕ್ಕದ ಮನೆಯವರು ಬೇಲಿ ಮೇಲಿಂದ ಇಣುಕಿ ಏನಾಯಿತು ಎಂದು ಕೇಳಿದರು. ಅವರಿಗೂ ಹೇಳಿದೆ, ಹಾಲು ಕೊಡಲು ಬಂದವಳಿಗೂ ಹೇಳಿದೆ. ಹೇಳಿ ಸಾಕಾಗದೆ ಈಗ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ತಪ್ಪಿದ್ದರೆ ಸರಿಮಾಡಿ ಓದಿಕೊಳ್ಳಿ.

ಅವಳದು ಸರ್ವೆ ಕೆಲಸ. ಕೊರೊನಾ ಲಾಕ್‌ಡೌನ್‌ನಲ್ಲಿ ಸರ್ಕಾರ ಅಕ್ಕಿ ಕೊಟ್ಟಿತು, ಕೆಲವರ ಖಾತೆಗೆ ಹಣ ಹಾಕಿತು. ಅದರ ಬಗ್ಗೆ ಜನರಿಗೆ ಏನನಿಸಿತು ಎಂದು ಮನೆಮನೆಗೆ ಹೋಗಿ ಕೇಳಿ ಮೊಬೈಲಿನಲ್ಲಿ ತುಂಬಬೇಕು. ಉತ್ತರಕ್ಕೆ ಐದು ಖಾನೆ. ಬಹಳ ಒಳ್ಳೆಯದಾಯಿತು ಎಂಬಲ್ಲಿಂದ ಏನೂ ಪ್ರಯೋಜನವಾಗಲಿಲ್ಲ ಎಂಬವರೆಗೆ. ನಡುವಿನದು 'ಹೇಳಲಾರೆ'.

ನಮ್ಮ ಶಿರಸಿ ಕಡೆ ಜನ ಏನು ಹೇಳುತ್ತಾರೆ? "ಅಡ್ಡಿಲ್ಲ." ಮತ್ತಿಘಟ್ಟದಲ್ಲಿ "ಅಡ್ಡಿಲ್ಲೆ ತಂಗಿ", ಹೆಗ್ಗರಣೆಯಲ್ಲಿ "ಅಡ್ಡಿಲ್ಲ ಬಿಡು". ಹುಡುಗಿ ಎಲ್ಲವನ್ನೂ ನಡುವಿನ ಖಾನೆಗೆ ತುಂಬಿಬಿಟ್ಟಳು. ಆಫೀಸಿನ ಸರ್ ಬೇರೆ ಊರಿನವರು. ಫೋನ್ ಮಾಡಿ, "ಇಷ್ಟು ಮನೆಯವರಿಗೆ ಒಂದೇ ಅಭಿಪ್ರಾಯವೇನಮ್ಮ? ಮರದ ಕೆಳಗೆ ಕೂತು ತುಂಬಿದೆಯಾ? ಎಂಟು ದಿನದಲ್ಲಿ ಮತ್ತೆ ಕೇಳಿಕೊಂಡು ಬಾ, ಇಲ್ಲದಿದ್ದರೆ ಕೆಲಸ ಬಿಡು" ಎಂದರು.

ಮಗು ನನ್ನ ಹೊಲಿಗೆ ಮಷಿನ್ ಪಕ್ಕ ಕೂತು ಗಳಗಳ ಅತ್ತಿತು. ಆರು ತಿಂಗಳು ಓಡಾಡಿ ಹಿಡಿದ ಕೆಲಸ ಅದು. "ಅಜ್ಜಿ, ಅಡ್ಡಿಲ್ಲ ಅಂದ್ರೆ ಒಳ್ಳೇದಾ, ಕೆಟ್ಟದ್ದಾ? ನೀನೇ ಹೇಳು!"

ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತಿ, "ನಿಮ್ಮಜ್ಜಿ ಮಾಡಿದ ಹುಳಿಗೆ ನಲವತ್ತು ವರ್ಷದಿಂದ ಅಡ್ಡಿಲ್ಲ ಅಂತಾ ಇದ್ದೇನೆ. ಅದನ್ನ ಯಾವ ಖಾನೆಗೆ ಹಾಕ್ತಿ?" ಎಂದರು.

"ನೀವು ಸುಮ್ನಿರಿ, ನಿಮ್ ಖಾನೆ ನಂಗೊತ್ತು" ಎಂದು ಅವರ ಬಾಯಿ ಮುಚ್ಚಿಸಿದೆ.

ಆಮೇಲೆ ಅವಳಿಗೆ ಹೇಳಿದೆ: ರವಿಕೆ ಹೊಲಿದು ಹೊಲಿದು ನನಗೆ ಈ ಮಾತು ಬಿಡಿಸಲು ಬರುತ್ತದೆ. "ಅಡ್ಡಿಲ್ಲೆ, ಅಡ್ಡಿಲ್ಲೆ" ಎಂದು ಎರಡು ಸಲ ಹೇಳಿ ಕನ್ನಡಿ ಮುಂದೆ ನಿಂತವಳು ಮರುದಿನ ತಂಗಿಯನ್ನೂ ಕರೆತರುತ್ತಾಳೆ. "ಅಡ್ಡಿಲ್ಲ" ಎಂದು ಚೀಲಕ್ಕೆ ತುಂಬಿಕೊಂಡು ಹೊರಟವಳು ಮತ್ತೆ ಬರುವುದಿಲ್ಲ. "ಹೂಂ... ಅಡ್ಡಿಲ್ಲ" ಎಂದು ಎಳೆದರೆ ಕಂಕುಳಲ್ಲಿ ಬಿಗಿ, ಹೇಳಲು ದಾಕ್ಷಿಣ್ಯ. ಅದಕ್ಕೇ ನಾನು ಚೆನ್ನಾಗಿದೆಯಾ ಎಂದು ಕೇಳುವುದೇ ಇಲ್ಲ, ಎಲ್ಲಿ ಹೊಲಿಗೆ ಬಿಡಿಸಬೇಕು ಎಂದು ಕೇಳುತ್ತೇನೆ.

ಅವಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. "ಹಾಗಾದ್ರೆ ಮುಂದಿನ ಸಲ ಕೊಟ್ರೆ ಎಂತ ಬದಲು ಮಾಡ್ಬೇಕು ಅಂತ ಕೇಳ್ಲಾ?"

"ಕೇಳು ಮತ್ತೆ!"

ಮರುದಿನ ಮಗನ ರಿಕ್ಷಾದಲ್ಲಿ ನಾನೂ ಹತ್ತಿದೆ. "ಅಜ್ಜಿ, ನೀನು ಉತ್ತರ ಹೇಳಿಕೊಟ್ರೆ ಸರ್ವೆ ಕೆಟ್ಟೋಗ್ತದೆ" ಎಂದು ಅವಳು ಆಣೆ ಹಾಕಿಸಿಕೊಂಡಳು. ಬಾಯಿ ತೆರೆಯಬಾರದೆಂದು ಕವಳ ತುಂಬಿಕೊಂಡು ಜಗಲಿ ಮೂಲೆಯಲ್ಲಿ ಕೂತೆ. ಎಲೆ ಅಡಿಕೆ ಇಷ್ಟು ಉಪಕಾರ ಮಾಡಿದ್ದು ಅದೇ ಮೊದಲು.

ಮತ್ತಿಘಟ್ಟದಲ್ಲಿ ಒಬ್ಬ ಹೆಂಗಸು ಈ ಸಲವೂ "ಅಡ್ಡಿಲ್ಲೆ" ಎಂದಳು. ಹೊಸ ಪ್ರಶ್ನೆ ಕೇಳಿದ್ದೇ ತಡ, ಮಾತು ಹರಿಯಿತು. "ಅಕ್ಕಿ ಬಂದಿದ್ದಕ್ಕೆ ಜೀವ ಉಳತ್ತು ತಂಗಿ, ಸುಳ್ಳು ಹೇಳಲಾಗ. ಆದ್ರೆ ದುಡ್ಡು ಬ್ಯಾಂಕಲ್ಲಿ ಬಿತ್ತು, ಬಸ್ಸೇ ಇಲ್ಲೆ. ಆನು ನಡ್ಕಂಡು ಹೋಗ್ಲಾ ಪೇಟೆಗೆ?"

ಹೆಗ್ಗರಣೆಯ ಮುದುಕರೊಬ್ಬರು ಆಚೀಚೆ ನೋಡಿ ಸಣ್ಣ ದನಿಯಲ್ಲಿ, "ನಂಗೆ ಎಂತದೂ ಬರ್ಲಿಲ್ಲ ಮಾರಾಯ್ತಿ. ಬೈದ್ರೆ ಬರೋದೂ ನಿಂತೋಗ್ತದೆ ಅಂತ ಅಡ್ಡಿಲ್ಲ ಅಂದಿದ್ದೆ" ಎಂದರು. ನನಗೆ ಮಾತು ಗಂಟಲಿಗೆ ಬಂದಿತ್ತು. ಇನ್ನೊಂದು ಎಲೆ ಬಾಯಿಗಿಟ್ಟೆ. ಮೊಮ್ಮಗಳೇ ಅವರಿಗೆ ಸಮಾಧಾನ ಹೇಳಿ, ಹೆಸರು ಎಲ್ಲೂ ಹೋಗುವುದಿಲ್ಲ ಎಂದು ತೋರಿಸಿ ಬರೆದುಕೊಂಡಳು.

ಎಂಟು ದಿನದಲ್ಲಿ ನಡುವಿನ ಖಾನೆ ಹೆಚ್ಚುಕಡಿಮೆ ಖಾಲಿ! ಒಂದೇ ಮನೆಯಲ್ಲಿ ಅಕ್ಕಿಗೆ ಒಂದು ಅಭಿಪ್ರಾಯ, ಹಣಕ್ಕೆ ಇನ್ನೊಂದು. ಸರ್ ನಂಬಲಿಲ್ಲ. ತಾವೇ ಕೆಲವು ಮನೆಗಳಿಗೆ ಫೋನ್ ಮಾಡಿ ನೋಡಿದರು. ಆ ನಾಲ್ಕು ದಿನ ಹುಡುಗಿ ಅರ್ಧ ರೊಟ್ಟಿ ತಿಂದು ಏಳುತ್ತಿದ್ದಳು.

ಇವತ್ತು ಫೋನ್ ಬಂತಲ್ಲ, ಎಲ್ಲ ತಾಳೆಯಾಗಿದೆಯಂತೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಆ ಪ್ರಶ್ನೆ ಸೇರಿಸುತ್ತಾರಂತೆ. ಉಳಿದ ಹುಡುಗ ಹುಡುಗಿಯರಿಗೆ ಕಲಿಸಲು ಇವಳೇ ಹೋಗಬೇಕಂತೆ! "ಇದು ಹೇಗೆ ಹೊಳೀತು?" ಎಂದು ಸರ್ ಕೇಳಿದರೆ, "ರವಿಕೆ ಹೊಲಿಯೋ ನಮ್ಮಜ್ಜಿ ಹೇಳಿದ್ದು ಸರ್" ಎಂದಳಂತೆ. ನಾಚಿಕೆಯಾಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆಮೇಲೆ ಸೆರಗು ಸರಿಸಿ, ಇನ್ನೊಂದು ಸಲ ಹೇಳು ಅಂದೆ.

ಮಗ ಸಂಜೆಯೇ ರಿಕ್ಷಾ ನಿಲ್ಲಿಸಿ ಕೋಳಿ ತಂದ. ಸೊಸೆ ಅಕ್ಕಿ ರೊಟ್ಟಿ ತಟ್ಟಿದಳು. ನಾನು ಬಡಿಸುತ್ತೇನೆಂದು ಎದ್ದರೆ ಮೊಮ್ಮಗಳು ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಪಾತ್ರೆಗಳನ್ನೆಲ್ಲ ನಡುವೆ ಇಟ್ಟುಕೊಂಡು, ಬೇಕಾದವರು ಬೇಕಾದಷ್ಟು ಹಾಕಿಕೊಂಡು, ಐದೂ ಜನ ಒಟ್ಟಿಗೆ ಉಂಡೆವು. ಹುಡುಗಿ ಐದನೇ ರೊಟ್ಟಿಗೆ ಕೈ ಹಾಕಿದಳು.