ನರ್ಸ್ ಬಾಯಿ ಮತ್ತು ಹಳೆಯ ಕಾಲದ ಕೊಲೆಗಳು

ನರ್ಸ್ ಬಾಯಿ ಬಾಗಿಲು ತೆರೆಯುವಾಗ ಅವರ ಎಡಗೈಯ ತೋರುಬೆರಳು ಪುಸ್ತಕದೊಳಗೆ ಸಿಕ್ಕಿಕೊಂಡಿರುತ್ತಿತ್ತು. ಓದುತ್ತಿದ್ದ ಪುಟ ತಪ್ಪಬಾರದೆಂದು ಬೆರಳನ್ನೇ ಗುರುತಿಗೆ ಇಟ್ಟು, ಬಲಗೈಯಿಂದ ಚಿಲಕ ಜಾರಿಸುತ್ತಿದ್ದರು. ಗ್ಯಾಸ್ ಸಿಲಿಂಡರ್ ತಂದವನಿಗೂ, ಮನೆ ಆಶೀರ್ವದಿಸಲು ಬರುವ ಪಾದ್ರಿಗಳಿಗೂ ಅದೇ ಸ್ವಾಗತ. ಒಮ್ಮೆ ನಾನು ಕೊಟ್ಟ ಪತ್ರೊಡೆಯ ಪಾತ್ರೆಯನ್ನು ಮೊಣಕೈಗೂ ಸೊಂಟಕ್ಕೂ ನಡುವೆ ಅವುಚಿ ಹಿಡಿದುಕೊಂಡರೇ ಹೊರತು ಬೆರಳನ್ನು ಹೊರಗೆ ತೆಗೆಯಲಿಲ್ಲ.

"ಈಗ ತೆಗೀಲಿಕ್ಕೆ ಆಗುದಿಲ್ಲ ಮಾರಾಯ್ತಿ. ದಿವಾನನ ಬಾವಿಯಲ್ಲಿ ಹೆಣ ತೇಲ್ತಾ ಉಂಟು" ಎಂದರು.

ನಮ್ಮ ಕರಾವಳಿ ನಗರದ ಬಿಜೈ ಬಡಾವಣೆಯ ಒಂದು ಹಳೆಯ ಅಪಾರ್ಟ್‌ಮೆಂಟಿನಲ್ಲಿ ನಮ್ಮದು ಎದುರುಬದುರು ಮನೆ. ಅವರು ಕೊಂಕಣಿ ಮಾತಾಡುವ ಕ್ರೈಸ್ತರು, ನಾವು ತುಳುವರು. ನಮ್ಮಿಬ್ಬರ ನಡುವಿನದು ಕನ್ನಡ. ಅತ್ತಾವರದ ಆಸ್ಪತ್ರೆಯೊಂದರಲ್ಲಿ ದಾದಿಯಾಗಿ ಸೇರಿ, ಆಮೇಲೆ ಕುವೈತಿನಲ್ಲಿ ಬಹುಕಾಲ ದುಡಿದು, ಗಂಡ ತೀರಿಕೊಂಡ ಮೇಲೆ ಊರಿಗೆ ಮರಳಿದ್ದರು. ಇದ್ದೊಬ್ಬ ಮಗಳೂ ನರ್ಸ್, ಅವಳೂ ಕುವೈತಿನಲ್ಲಿ. ಕ್ರೈಸ್ತ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುವುದು ನಮ್ಮ ಕಡೆಯ ರೂಢಿ, ಹಾಗಾಗಿ ಕಟ್ಟಡದಲ್ಲಿ ಎಲ್ಲರಿಗೂ ಅವರು ನರ್ಸ್ ಬಾಯಿ. ಯಾರಿಗೆ ಜ್ವರ ಬಂದರೂ ಮೊದಲು ಅವರ ಬಾಗಿಲು ತಟ್ಟುವುದು ವಾಡಿಕೆ.

ಓದುವ ಚಟ ಅವರಿಗೆ ಹತ್ತಿದ್ದು ಕುವೈತಿಗೆ ಹೋದ ಹೊಸತರಲ್ಲಿ, ದಾದಿಯರ ಹಾಸ್ಟೆಲಿನಲ್ಲಂತೆ. ಬೇರೆ ಬೇರೆ ಊರುಗಳ ದಾದಿಯರು ರಜೆಗೆ ಹೋಗಿ ಬರುವಾಗ ಪುಸ್ತಕ ತರುತ್ತಿದ್ದರು, ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅದರಲ್ಲಿ ಬಾಯಿಗೆ ಬೇಕಾದದ್ದು ಒಂದೇ ಜಾತಿ: ಹಳೆಯ ಕಾಲದಲ್ಲಿ ನಡೆದ ಕೊಲೆ, ಅದರ ಪತ್ತೆ. ಅರಮನೆ, ಬಂದರಿನ ಗೋದಾಮು, ಕಾಳುಮೆಣಸು ತುಂಬಿದ ಹಾಯಿಹಡಗು, ಎಲ್ಲಿಯಾದರೂ ಸರಿ. ಕನ್ನಡವಾದರೂ ಸರಿ, ಇಂಗ್ಲಿಷಾದರೂ ಸರಿ. ಈಗಿನ ಕಾಲದ ಪತ್ತೇದಾರಿ ಕೊಟ್ಟರೆ ಮುಖ ತಿರುಗಿಸುತ್ತಿದ್ದರು.

"ಈಗ ಎಂತ ಉಂಟು ಅದರಲ್ಲಿ? ಕ್ಯಾಮೆರಾ ನೋಡಿದ್ರೆ ಮುಗೀತು. ಆ ಕಾಲದವನಿಗೆ ಕಣ್ಣು, ಮೂಗು, ಕಿವಿ ಬಿಟ್ರೆ ಬೇರೆ ಎಂತದೂ ಇಲ್ಲ. ಹೆಣದ ಉಗುರು ನೋಡ್ಬೇಕು, ಲೋಟ ಮೂಸಿ ನೋಡ್ಬೇಕು. ನಾವು ವಾರ್ಡಿನಲ್ಲಿ ಮಾಡ್ತಿದ್ದದ್ದೂ ಅದೇ ಕೆಲಸ."

ನಾನು ಆ ಅಪಾರ್ಟ್‌ಮೆಂಟಿಗೆ ಬಂದ ವರ್ಷವೇ ಊರಿನಲ್ಲಿ ಅಪ್ಪ ತೀರಿಕೊಂಡರು. ಮಧ್ಯಾಹ್ನದ ಊಟ ಮುಗಿಸಿ ಚಾವಡಿಯ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಕಾಯಿಲೆ ಇರಲಿಲ್ಲ. ಹೃದಯ ಇರಬೇಕು ಎಂದರು ಕೆಲವರು, ಮೆದುಳಿನ ರಕ್ತನಾಳ ಇರಬೇಕು ಎಂದರು ಇನ್ನು ಕೆಲವರು. ನನ್ನ ಗಂಡನಿಗೆ ಮಸ್ಕತ್‌ನಲ್ಲಿ ಕೆಲಸ, ರಜೆ ಮುಗಿಸಿ ಹೊರಟುಹೋಗಿದ್ದರು. ಬ್ಯಾಂಕಿನಿಂದ ಸಂಜೆ ಬಂದವಳು ದೀಪ ಕೂಡ ಹಾಕದೆ ಕೂತು, ಅಪ್ಪನ ಕೊನೆಯ ದಿನವನ್ನು ಬೆಳಗಿನಿಂದ ಮತ್ತೆ ಮತ್ತೆ ನೆನೆಯುತ್ತಿದ್ದೆ. ಆ ದಿನ ಫೋನಿನಲ್ಲಿ ಅವರ ದನಿ ಸೋತಿತ್ತೇ? ನಾನು ಯಾಕೆ ಕೇಳಲಿಲ್ಲ?

ಒಂದು ಸಂಜೆ ಬಾಯಿ ಬಂದು ಎದುರು ಕೂತರು. "ತಂದೆಗೆ ಎಂತ ಆದದ್ದು?"

"ಗೊತ್ತಿಲ್ಲ ಬಾಯಿ. ಯಾರಿಗೂ ಗೊತ್ತಿಲ್ಲ."

ಅವರು ಸಮಾಧಾನದ ಮಾತು ಆಡಲಿಲ್ಲ, ದೇವರ ಹೆಸರು ಎತ್ತಲಿಲ್ಲ. ಎದ್ದು ಹೋಗಿ, ಬೆನ್ನು ಸವೆದ ಒಂದು ಕನ್ನಡ ಕಾದಂಬರಿ ತಂದು ನನ್ನ ಮಡಿಲಿಗೆ ಹಾಕಿದರು. "ಊಟ ಆದ ಮೇಲೆ ಎರಡು ಅಧ್ಯಾಯ. ಹೆಚ್ಚು ಓದ್ಲಿಕ್ಕಿಲ್ಲ. ನಾಳೆ ನಾನು ಕೇಳ್ತೇನೆ, ಯಾರ ಮೇಲೆ ಸಂಶಯ ಅಂತ."

ಔಷಧ ಬರೆದುಕೊಟ್ಟಂತೆ ಹೇಳಿದ್ದರು, ನಾನೂ ಔಷಧ ನುಂಗಿದಂತೆಯೇ ಓದಿದೆ. ನದಿ ದಡದ ಹಳೆಯ ಸಂತೆಪೇಟೆಯಲ್ಲಿ ಒಬ್ಬ ಗಂಧದ ವ್ಯಾಪಾರಿಯ ಕೊಲೆ. ಮೊದಲ ದಿನ ಅಕ್ಷರ ಮಾತ್ರ ಕಣ್ಣಿಗೆ ಬಿತ್ತು. ಮೂರ್ನಾಲ್ಕು ದಿನ ಕಳೆದಾಗ, ಬಸ್ಸಿನಲ್ಲಿ ನಿಂತುಕೊಂಡು, ಆ ವ್ಯಾಪಾರಿಯ ತಮ್ಮ ಯಾಕೆ ಅಷ್ಟು ಬೇಗ ದೋಣಿ ಮಾರಿದ ಎಂದು ಯೋಚಿಸುತ್ತಿದ್ದೆ. ಆ ಹೊತ್ತು ಅಪ್ಪನ ಕುರ್ಚಿ ನನ್ನ ಕಣ್ಣ ಮುಂದೆ ಇರಲಿಲ್ಲ. ಬಿಜೈಯಲ್ಲಿ ಇಳಿದ ಮೇಲೆ ಅದು ಹೊಳೆದು, ಬಹಳ ದಿನಗಳ ನಂತರ ಎದೆತುಂಬ ಉಸಿರೆಳೆದುಕೊಂಡೆ.

ಪುಸ್ತಕ ಹಿಂದೆ ಕೊಡಲು ಹೋದಾಗ ಅವರು ಹೇಳಿದ ಮಾತು ಇದು: "ಆಸ್ಪತ್ರೆಯಲ್ಲಿ ಎಷ್ಟೋ ಜನ ಯಾಕೆ ಹೋದ್ರು ಅಂತಲೇ ಗೊತ್ತಾಗುದಿಲ್ಲ. ಮನೆಯವರು ನಮ್ಮ ಮುಖ ನೋಡ್ತಾರೆ, ನಮ್ಮ ಹತ್ರ ಉತ್ತರ ಇಲ್ಲ. ಪುಸ್ತಕದಲ್ಲಿ ಕಡೆಗಾದ್ರೂ ಗೊತ್ತಾಗ್ತದೆ. ನನಗೆ ಅಷ್ಟು ಸಾಕು."

ಹಾಗೆ ನಾನು ಅವರ ಗುಂಪಿಗೆ ಸೇರಿದೆ. ಗುಂಪು ಎಂದರೆ ನಾವು ಮೂವರು, ಭಾನುವಾರ ಮಧ್ಯಾಹ್ನ, ಬಾಯಿಯ ಮನೆಯ ಬಾಲ್ಕನಿ. ಮೂರನೆಯವರು ಮೇಲಿನ ಮಹಡಿಯ ಇತಿಹಾಸದ ಸರ್, ಕಾಲೇಜಿನಿಂದ ನಿವೃತ್ತರು. ಓದಿದ್ದರಲ್ಲಿ ಚೆನ್ನಾದದ್ದನ್ನು ಇನ್ನಿಬ್ಬರಿಗೆ ದಾಟಿಸಬೇಕು, ಯಾಕೆ ಚೆನ್ನ ಎಂದೂ ಹೇಳಬೇಕು. ಸರ್ ಪ್ರತಿಯೊಂದು ಪುಸ್ತಕದಲ್ಲೂ ತಪ್ಪು ಹುಡುಕುತ್ತಿದ್ದರು.

"ಹೊಯ್ಸಳರ ಕಾಲದ ಅಡುಗೆಮನೆಯಲ್ಲಿ ಒಣಮೆಣಸು ಹುರೀತಾರೆ ಇವರು! ಆಗ ಮೆಣಸಿನಕಾಯಿ ಈ ದೇಶಕ್ಕೇ ಬಂದಿರ್ಲಿಲ್ಲ."

"ಬರ್ಲಿಲ್ಲ ಸರ್. ಆದ್ರೆ ಅಡುಗೆಭಟ್ಟ ಸತ್ತದ್ದು ಮೆಣಸಿನಿಂದ ಅಲ್ಲ. ನೀವು ಹೆಣದ ಕಡೆ ನೋಡಿ" ಎನ್ನುತ್ತಿದ್ದರು ಬಾಯಿ.

ಗುಂಪಿಗೆ ಇದ್ದದ್ದು ಒಂದೇ ಕಾನೂನು. ಕೊಂದವರು ಯಾರೆಂದು ಹೇಳಬಾರದು. ಪುಸ್ತಕವನ್ನು ಎಷ್ಟು ಬೇಕಾದರೂ ಹೊಗಳಿ, ಬೈಯಿರಿ, ಕಡೆಯ ಪುಟ ಮಾತ್ರ ಓದದವರ ಸೊತ್ತು. ಸರ್ ಒಮ್ಮೆ ಲಿಫ್ಟಿನಲ್ಲಿ ಉತ್ಸಾಹ ತಡೆಯದೆ ಹೆಸರು ಹೇಳಿಬಿಟ್ಟರು. ಬಾಯಿ ಅವರೊಡನೆ ಮಾತು ನಿಲ್ಲಿಸಿದರು. ಕೆಲವು ದಿನ ಕಳೆದು ಸರ್ ಬಿಸಿ ಗೋಳಿಬಜೆಯ ಪೊಟ್ಟಣ ಹಿಡಿದು ಅವರ ಬಾಗಿಲಲ್ಲಿ ನಿಂತಿದ್ದರು.

"ಬಜೆ ಅಲ್ಲಿ ಇಡಿ. ನೀವು ಹೋಗಿ" ಎಂದರು ಬಾಯಿ. ಪೊಟ್ಟಣದಲ್ಲಿ ಚಟ್ನಿ ಇಲ್ಲವೆಂದು ಗೊತ್ತಾದ ಮೇಲೆ, ಅದೆಲ್ಲಿ ಎಂದು ಕೇಳಲು ವಾಪಸು ಕರೆದರು.

ಇಷ್ಟೆಲ್ಲ ಓದಿದ ಬಾಯಿ ಊಹಿಸುವುದರಲ್ಲಿ ಮಾತ್ರ ಬಲು ದಡ್ಡರು. ಪ್ರತಿ ಸಲವೂ ತಪ್ಪು ಮನುಷ್ಯನ ಮೇಲೆ ಸಂಶಯ. ಚೆನ್ನಾಗಿ ಉಡುಪು ತೊಟ್ಟವನು, ಸಿಹಿಯಾಗಿ ಮಾತಾಡುವವನು ಬಂದ ಕೂಡಲೇ "ಇವನೇ" ಎಂದು ತೀರ್ಮಾನಿಸುತ್ತಿದ್ದರು. ತಪ್ಪಾದಾಗ ಅವರಷ್ಟು ಸಂತೋಷಪಟ್ಟು ನಗುವವರನ್ನು ನಾನು ಕಂಡಿಲ್ಲ.

ಹೀಗೆ ಕೆಲವು ವರ್ಷ ನಡೆಯಿತು. ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಅವರ ಬಾಗಿಲ ಕೊಕ್ಕೆಯಲ್ಲಿ ಹಾಲಿನ ಚೀಲ ಹಾಗೆಯೇ ತೂಗುತ್ತಿತ್ತು. ಬಾಯಿ ಮುಂಜಾನೆಯ ಪೂಜೆಗೆ ಇಗರ್ಜಿಗೆ ಹೋಗಿ ಬಂದು, ಕಾಫಿಯೂ ಆಗಿರಬೇಕಾದ ಹೊತ್ತು. ಬೆಲ್ ಒತ್ತಿದೆ, ಕೂಗಿದೆ. ಅವರು ನನ್ನ ಹತ್ತಿರ ಕೊಟ್ಟಿಟ್ಟಿದ್ದ ಇನ್ನೊಂದು ಬೀಗದಕೈಯಿಂದ ತೆರೆದು ಒಳಗೆ ಹೋದರೆ, ಅಡುಗೆಮನೆಯ ನೆಲದಲ್ಲಿ ಬಿದ್ದಿದ್ದರು. ಕಣ್ಣು ತೆರೆದಿತ್ತು. ನನ್ನನ್ನು ನೋಡಿದರು, ತುಟಿ ಆಡಿಸಿದರು, ದನಿ ಹೊರಡಲಿಲ್ಲ.

ಅತ್ತಾವರದ ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಎಂದರು. ಬಲಭಾಗ ಸೋತಿತ್ತು, ಮಾತು ಪೂರ್ತಿ ಹೋಗಿತ್ತು. ಜೀವಕ್ಕೆ ಅಪಾಯವಿಲ್ಲ ಎಂದು ಕೇಳಿ ಸಮಾಧಾನಪಡುವಷ್ಟರಲ್ಲಿ ಡಾಕ್ಟರು ಇನ್ನೊಂದು ಮಾತು ಸೇರಿಸಿದರು. "ನಾವು ಹೇಳಿದ್ದು ಅವರಿಗೆ ಎಷ್ಟು ಅರ್ಥ ಆಗ್ತದೆ ಅಂತ ಈಗ ಹೇಳ್ಲಿಕ್ಕಾಗುದಿಲ್ಲ. ಕಾದು ನೋಡುವ."

ಮಗಳು ಕುವೈತಿನಿಂದ ಬಂದಳು. ಕಾದು ನೋಡಿದೆವು. ಬಾಯಿ ಫ್ಯಾನಿನ ಕಡೆ ನೋಡುತ್ತಾ ಮಲಗಿರುತ್ತಿದ್ದರು. ಕೈ ಎತ್ತಿ ಎಂದರೆ ಎತ್ತುತ್ತಿರಲಿಲ್ಲ, ಕಣ್ಣು ಮುಚ್ಚಿ ಎಂದರೆ ಮುಚ್ಚುತ್ತಿರಲಿಲ್ಲ. ಮಾತಾಡಿಸುತ್ತಾ ಇರಿ, ಅವರಿಗೆ ಇಷ್ಟವಾದದ್ದನ್ನು ಕೇಳಿಸಿ ಎಂದು ಸ್ಪೀಚ್ ಥೆರಪಿಯ ಹುಡುಗಿ ಹೇಳಿದಳು. ಅವರ ಮನೆಯ ಮೇಜಿನ ಮೇಲೆ ಅರ್ಧ ಓದಿ ಕವುಚಿ ಇಟ್ಟ ಕಾದಂಬರಿ ಇತ್ತು: ಹಳೆಯದೊಂದು ಅರಮನೆಯಲ್ಲಿ ಚಿಕ್ಕರಾಣಿಯ ಸಾವು, ಕಾರಣ ಹುಡುಕಲು ಹೊರಟ ಮುದಿ ವೈದ್ಯ. ನಿಲ್ಲಿಸಿದ ಪುಟದಿಂದಲೇ ನಾನೂ ಸರ್ ಕೂಡ ಸರದಿಯಂತೆ ಸಂಜೆ ಓದಿ ಹೇಳತೊಡಗಿದೆವು. ಪಕ್ಕದ ಮಂಚದ ರೋಗಿಯ ಹೆಂಡತಿ ಕುರ್ಚಿ ಎಳೆದುಕೊಂಡು ಬಂದು ಕೇಳುತ್ತಿದ್ದಳು. ಬಾಯಿಯ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ಮಗಳ ರಜೆ ಮುಗಿಯುತ್ತಾ ಬಂತು. ಒಂದು ಸಂಜೆ ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಒಂದು ಕಡೆ ವಿಚಾರಿಸಿ ಬಂದಿದ್ದೇನೆ. ಇಂಥವರನ್ನು ನೋಡಿಕೊಳ್ಳುವ ಜಾಗ. ಚೆನ್ನಾಗಿಯೇ ಉಂಟು. ಮಮ್ಮಿಗೆ ಎಂತದೂ ಗೊತ್ತಾಗುದಿಲ್ಲ ಅಂದ್ರೆ ಎಲ್ಲಿದ್ರೂ ಒಂದೇ ಅಲ್ವಾ?"

ಅವಳದು ತಪ್ಪು ಎನ್ನುವಂತಿರಲಿಲ್ಲ. ಒಳಗೆ ಹೋದೆವು. ಸರ್ ಓದಿ ಮುಗಿಸಿ ಕನ್ನಡಕ ಒರೆಸುತ್ತಿದ್ದರು. ಇನ್ನು ಕೆಲವೇ ಅಧ್ಯಾಯ ಉಳಿದಿತ್ತು. ಮಗಳು ಮಾತು ಬದಲಿಸಲೆಂದೋ ಏನೋ, "ಕಡೆಗೆ ಆ ರಾಣಿಯನ್ನು ಕೊಂದದ್ದು ಯಾರು ಸರ್? ನೀವು ಮನೆಯಲ್ಲಿ ಪೂರ್ತಿ ಓದಿದ್ದೀರಂತೆ. ನಾನು ಇರುದಿಲ್ಲ, ನನಗೊಂದು ಹೇಳಿಬಿಡಿ" ಎಂದಳು.

ಸರ್ ಮಂಚದ ಕಡೆ ನೋಡಿದರು. ಬಾಯಿ ಫ್ಯಾನನ್ನೇ ನೋಡುತ್ತಿದ್ದರು. "ನೀನು ಹೊರಟವಳು, ನಿನಗೆ ಹೇಳ್ಬಹುದು. ಅದು ನೋಡು, ಆ ಹೂ ಕಟ್ಟುವ..."

"ನಾಕಾ!"

ಒಡೆದ ದನಿ, ಗಂಟಲಿನ ಆಳದಿಂದ. ಕೊಂಕಣಿಯಲ್ಲಿ ಬೇಡ ಎಂದು. ನಾವು ತಿರುಗಿದಾಗ ಬಾಯಿಯ ಎಡಗೈ ಹಾಸಿಗೆಯಿಂದ ಎದ್ದು ಸರ್ ಅವರ ಕಡೆಗೆ ಚಾಚಿತ್ತು. ಹುಬ್ಬು ಗಂಟಿಕ್ಕಿತ್ತು. ಲಿಫ್ಟಿನ ಪ್ರಕರಣದ ದಿನ ಕಂಡಿದ್ದ ಅದೇ ಸಿಟ್ಟು.

"ನಾಕಾ" ಎಂದರು ಮತ್ತೊಮ್ಮೆ.

"ಇಲ್ಲ ಬಾಯಿ, ಹೇಳುದಿಲ್ಲ, ಹೇಳುದಿಲ್ಲ" ಎನ್ನುತ್ತಾ ಸರ್ ಎರಡು ಕೈಯಿಂದ ಪುಸ್ತಕವನ್ನು ಎದೆಗೆ ಒತ್ತಿಕೊಂಡರು. ಮಗಳು ಮಂಚದ ಪಕ್ಕ ಕುಸಿದು "ಮಮ್ಮಿ, ಮಮ್ಮಿ" ಎಂದು ಅಳುತ್ತಾ ನಗುತ್ತಿದ್ದಳು. ಪಕ್ಕದ ಮಂಚದವಳು ನರ್ಸನ್ನು ಕರೆಯಲು ಓಡಿದಳು. ನಾನು ಕಿಟಕಿಯ ಹತ್ತಿರ ಹೋಗಿ ಸರಳು ಹಿಡಿದು ನಿಂತೆ. ಹೊರಗೆ ಕಾಲೇಜಿನ ಮಕ್ಕಳು ಬಿಳಿ ಕೋಟು ಹೆಗಲಿಗೆ ಹಾಕಿಕೊಂಡು ಗಲಾಟೆ ಮಾಡುತ್ತಾ ಹೋಗುತ್ತಿದ್ದರು. ಲೋಕ ಮೊದಲಿನಂತೆಯೇ ಇದೆ ಎನ್ನಿಸಿದ್ದು ಆಗ. ಬಾಯಿ ಆ ಸೋತ ಮೈಯೊಳಗೇ ಇದ್ದರು. ಅಷ್ಟು ದಿನವೂ ಕೇಳಿಸಿಕೊಳ್ಳುತ್ತಾ ಇದ್ದರು.

ಮಗಳು ಆ ಜಾಗದವರಿಗೆ ಫೋನ್ ಮಾಡಿ ಬೇಡವೆಂದಳು. ಬಾಯಿಯನ್ನು ಬಿಜೈಗೆ ಕರೆತಂದೆವು. ಸುಲಭವೇನೂ ಆಗಲಿಲ್ಲ. ಕೋಲು ಹಿಡಿದು ಬಾಲ್ಕನಿ ತನಕ ನಡೆಯಲು ತಿಂಗಳುಗಳೇ ಬೇಕಾದವು. ಮಾತು ತುಂಡುತುಂಡಾಗಿ ಮರಳಿತು, ಮೊದಲು ಕೊಂಕಣಿ, ಆಮೇಲೆ ಕನ್ನಡ. ಅಕ್ಷರಗಳು ಮಾತ್ರ ಸಾಲಿನಲ್ಲಿ ನಿಲ್ಲದೆ ಜಾರುತ್ತವೆ ಎನ್ನುತ್ತಿದ್ದರು. ಹಾಗಾಗಿ ಭಾನುವಾರ ನಾವು ಓದುವುದು, ಅವರು ಕೇಳುವುದು ಎಂದಾಯಿತು. ಮಗಳು ಮರುವರ್ಷ ಕುವೈತಿನ ಕೆಲಸ ಬಿಟ್ಟು ಇಲ್ಲಿಯ ಆಸ್ಪತ್ರೆಯೊಂದಕ್ಕೆ ಸೇರಿದಳು. ಅವಳೂ ಕಾಲು ಮಡಚಿ ನಮ್ಮ ಜೊತೆ ಕೂರತೊಡಗಿದಳು. ಕ್ರಿಸ್ಮಸ್ ಹಬ್ಬಕ್ಕೆ ಕುಸ್ವಾರ್ ತಿಂಡಿಗಳನ್ನು ಹಂಚುವಾಗ ಅದರ ತಟ್ಟೆಯಲ್ಲಿ ನೆವರಿ, ಕಲ್ಕಲ್‌ಗಳ ಪಕ್ಕ ಒಂದು ಪುಸ್ತಕವನ್ನೂ ಇಟ್ಟು ಕಳುಹಿಸುವ ಕ್ರಮವನ್ನು ಬಾಯಿ ಆಗಲೇ ಶುರುಮಾಡಿದ್ದು. ಯಾವ ಮನೆಗೆ ಯಾವ ಪುಸ್ತಕ ಎಂದು ಎಡಗೈಯಿಂದ ತೋರಿಸುತ್ತಿದ್ದರು, ಮಗಳು ಇಡುತ್ತಿದ್ದಳು.

ಕಳೆದ ವರ್ಷ ಬಾಯಿ ಹೋದರು. ಮಧ್ಯಾಹ್ನ ಮಲಗಿದವರು, ಮಗಳು ಚಹಾ ತಂದಾಗ ಎಚ್ಚರಗೊಳ್ಳಲಿಲ್ಲ. ಸುದ್ದಿ ಕೇಳಿದ ಕೂಡಲೇ ನನ್ನ ತಲೆಗೆ ಬಂದದ್ದು ಒಂದು ವಿಚಿತ್ರ ಪ್ರಶ್ನೆ. ಪುಸ್ತಕ ಯಾವುದಾದರೂ ಅರ್ಧದಲ್ಲಿ ನಿಂತಿದೆಯೇ? ಇರಲಿಲ್ಲ. ಹಿಂದಿನ ಭಾನುವಾರವೇ ಒಂದು ಮುಗಿದಿತ್ತು. ಹಡಗಿನ ಕಪ್ತಾನನೇ ಕೊಂದವನೆಂದು ಬಾಯಿ ಹಟ ಹಿಡಿದು, ಅವನಲ್ಲವೆಂದು ತಿಳಿದಾಗ ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದರು. ಇಗರ್ಜಿಯಲ್ಲಿ ಸರ್ ಪಕ್ಕ ಕೂತಾಗ ಅವರೂ ಮೆಲ್ಲಗೆ, "ಅದೊಂದು ಮುಗಿದಿತ್ತಲ್ಲ" ಎಂದರು. "ಮುಗಿದಿತ್ತು ಸರ್" ಎಂದೆ. ಇಬ್ಬರಿಗೂ ಅಷ್ಟು ಹಗುರವಾಯಿತು.

ಮುಂದಿನ ಭಾನುವಾರ ಹೋಗಬೇಕೇ ಬೇಡವೇ ಎಂದು ನಾನೂ ಸರ್ ಕೂಡ ಮೆಟ್ಟಿಲ ಹತ್ತಿರ ನಿಂತು ಹಿಂದೆಮುಂದೆ ನೋಡುತ್ತಿದ್ದೆವು. ಒಳಗಿನಿಂದ ಮಗಳೇ ಬಾಗಿಲು ತೆರೆದಳು.

"ಎಂತ ನಿಂತದ್ದು? ಚಹಾ ಆರ್ತದೆ. ಈ ಸಲದ್ದು ನಾನು ಆರಿಸಿದ್ದು. ಚೆನ್ನಾಗಿಲ್ಲದಿದ್ರೆ ಬೈಬಾರ್ದು."

ಬಾಲ್ಕನಿಯಲ್ಲಿ ಕೂತೆವು. ಕುವೈತಿನಲ್ಲಿ ಓದಿ ಬೆಳೆದ ಅವಳಿಗೆ ಕನ್ನಡ ಅಕ್ಷರ ಸಲೀಸಲ್ಲ. ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿ, ಬೆವರಿ, ಮೊದಲ ಪುಟ ಓದಿದಳು. ಸರ್ ತಿದ್ದಲು ಹೊರಟು ತಡೆದುಕೊಂಡರು. ಕೋಟೆಯ ಬಾಗಿಲು ತೆರೆಯುವ ಹೊತ್ತಿಗೆ ಕಾವಲುಗಾರನೊಬ್ಬ ಕಾಣೆಯಾಗಿದ್ದ. ನಾನು ಲೋಟ ಕೆಳಗಿಟ್ಟು ಕುರ್ಚಿಯನ್ನು ಹತ್ತಿರ ಎಳೆದುಕೊಂಡೆ.